ನಾಲ್ಕು ದೀಪದ ಹಾರ್ಡ್ ಡಿಸ್ಕ್

ಕುದ್ರೋಳಿಯ ನಮ್ಮ ಗಲ್ಲಿಯಲ್ಲಿ ಮ್ಯಾಕ್ಸಿಮ್ ಪೊರ್ಬುಗಳಷ್ಟು ಹತ್ತಿರದಿಂದ ಕಂಪ್ಯೂಟರ್ ಕಂಡವರು ಬೇರೆ ಯಾರೂ ಇಲ್ಲ. ಮಸ್ಕತ್ತಿನ ದೊಡ್ಡ ಕಂಪ್ಯೂಟರ್ ಕಂಪೆನಿಯೊಂದರಲ್ಲಿ ಅವರು ಬಹಳ ವರ್ಷ ಕೆಲಸ ಮಾಡಿದವರು. ಕೆಲಸ ಗೋದಾಮಿನಲ್ಲಿ. ಹಾಗಾಗಿ ಕಂಡದ್ದೆಲ್ಲ ರಟ್ಟಿನ ಪೆಟ್ಟಿಗೆಯ ಹೊರಗಿನಿಂದ. ಆದರೆ ಯಾವ ಪೆಟ್ಟಿಗೆಯ ಯಾವ ಬದಿ ಮೇಲೆ ಬರಬೇಕು, ಒಂದರ ಮೇಲೆ ಎಷ್ಟು ಇಡಬಹುದು ಎಂಬ ವಿಷಯದಲ್ಲಿ ಇವತ್ತಿಗೂ ಅವರ ಮಾತಿಗೆ ಎದುರಿಲ್ಲ. ಉಳಿದ ವಿಷಯಗಳಲ್ಲಿಯೂ ಎದುರಿಲ್ಲದಂತೆ ಅವರು ನೋಡಿಕೊಂಡಿದ್ದರು.

ಊರಿಗೆ ಬಂದು ಕೂತ ಮೇಲೆ ಪೊರ್ಬುಗಳು ಗಲ್ಲಿಯ ಫೋಟೋಗಳ ಜವಾಬ್ದಾರಿಯನ್ನು ತಾವಾಗಿಯೇ ವಹಿಸಿಕೊಂಡರು. ಯಾರದಾದರೂ ಮೊಬೈಲು ಗುಡ್ ಮಾರ್ನಿಂಗ್ ಹೂಗಳಿಂದ ತುಂಬಿ ಉಸಿರು ಕಟ್ಟಿತೆಂದರೆ, "ನನ್ನ ಹತ್ರ ಕೊಡಿ ಮಾರಾಯ್ರೆ, ಹಾರ್ಡ್ ಡಿಸ್ಕಿಗೆ ಹಾಕಿ ಇಡ್ತೇನೆ. ನೂರು ವರ್ಷ ಎಂತ ಆಗುದಿಲ್ಲ" ಎನ್ನುತ್ತಿದ್ದರು. ದೋಹಾದಲ್ಲಿರುವ ಮಗ ಡೆರಿಲ್ ರಜೆಗೆ ಬಂದಾಗ ಆ ಡಿಸ್ಕ್ ತಂದುಕೊಟ್ಟು, ವಯರು ಚುಚ್ಚುವುದು, ಫೋಟೋ ಎಳೆದು ಹಾಕುವುದು, ವಯರು ತೆಗೆಯುವುದು, ಇಷ್ಟನ್ನು ಕಲಿಸಿ ಹೋಗಿದ್ದ. ಪೊರ್ಬುಗಳು ಅದಕ್ಕೆ ಇನ್ನೊಂದನ್ನು ತಾವೇ ಸೇರಿಸಿದರು. ಹಾಕಿದ ಫೋಟೋಗಳನ್ನೆಲ್ಲ ಮೊಬೈಲಿನಿಂದ ಅಳಿಸಿಬಿಟ್ಟು, "ಈಗ ನೋಡಿ, ಎಷ್ಟು ಹಗುರ ಆಗಿದೆ" ಎಂದು ಅದರ ಬೆನ್ನು ತಟ್ಟಿ ಹಿಂದೆ ಕೊಡುತ್ತಿದ್ದರು. ಹೀಗೆ ಎರಡು ವರ್ಷದಲ್ಲಿ ಗಲ್ಲಿಯ ಮದುವೆ, ನಾಮಕರಣ, ಸುನ್ನತ್, ಚರ್ಚಿನ ಕೊಮುನಿಯೊ ಎಲ್ಲವೂ ಅಂಗೈ ಅಗಲದ ಆ ಡಬ್ಬಿಯೊಳಗೆ ಹೋಗಿ ಕೂತವು.

ಈಗ ಆ ಡಬ್ಬಿಯ ಬಟ್ಟೆಯ ವಿಷಯ ಹೇಳಬೇಕು. ಪೊರ್ಬುಗಳ ಹೆಂಡತಿ ಮಟಿಲ್ಡಾ ಬಾಯಮ್ಮ ಟೈಲರಿಂಗ್ ಮಾಡುವವರು. ಅವರ ಮನೆಯಲ್ಲಿ ಬಟ್ಟೆ ಇಲ್ಲದೆ ಇರುವ ವಸ್ತುವೇ ಇಲ್ಲ. ಮಿಕ್ಸಿಗೆ ಫ್ರಿಲ್ ಇಟ್ಟ ಗವನು, ಗ್ಯಾಸ್ ಸಿಲಿಂಡರಿಗೆ ಸ್ಕರ್ಟು, ಟಿವಿಯ ರಿಮೋಟಿಗೆ ಜುಬ್ಬ, ಫ್ರಿಜ್ಜಿನ ಹಿಡಿಗೆ ತೋಳು. "ಹಾಗೇ ಬಿಟ್ಟರೆ ಉಪ್ಪುಗಾಳಿ ತಿಂದು ಹಾಕ್ತದೆ ಸಫಾ" ಎಂದು ಅವರು ನನಗೆ ಹೇಳುತ್ತಾರೆ. ನಾನು ಶಾಲೆ ಅರ್ಧದಲ್ಲಿ ಬಿಟ್ಟು ಅವರ ಹತ್ತಿರ ಹೊಲಿಗೆಗೆ ಸೇರಿದವಳು. ಮನುಷ್ಯರ ಬಟ್ಟೆಯನ್ನು ಬಾಯಮ್ಮ ಹೊಲಿಯುತ್ತಾರೆ. ವಸ್ತುಗಳ ಬಟ್ಟೆ ನನ್ನದು. ಸಿಟೌಟಿನ ಮೂಲೆಯಲ್ಲಿ ಮೆಷಿನಿನ ಹಿಂದೆ ನನ್ನ ಜಾಗ. ಅಲ್ಲಿ ಕೂತವಳು ಇದ್ದಾಳೆ ಎಂಬುದು ಬಂದವರಿಗೆ ಬೇಗ ಮರೆತುಹೋಗುತ್ತದೆ. ನನಗೂ ಅದೇ ಒಳ್ಳೆಯದು.

ಡಿಸ್ಕಿಗೆ ಕವರ್ ಹೊಲಿದದ್ದು ಮದುವೆಯ ಗವನೊಂದರಲ್ಲಿ ಉಳಿದ ಮರೂನ್ ವೆಲ್ವೆಟಿನಿಂದ. ಪೊರ್ಬುಗಳು ನನ್ನ ಪಕ್ಕದಲ್ಲೇ ನಿಂತು ಹೊಲಿಸಿದ್ದರು.

"ನಾಲ್ಕು ಬದಿಯೂ ಹೊಲಿ. ಇರುವೆ ಕೂಡ ಒಳಗೆ ಹೋಗಬಾರದು. ವಯರಿಗೆ ಮಾತ್ರ ಒಂದು ತೂತು ಬಿಡು."

"ಬಟನ್ ಬೇಡ್ವಾ?" ಎಂದೆ.

"ಬಟನ್ ಇಟ್ಟರೆ ಯಾರಾದರೂ ಬಿಚ್ತಾರೆ."

ಹಾಗೆ ಡಿಸ್ಕು ವೆಲ್ವೆಟಿನೊಳಗೆ ಕಾಯಂ ಆಯಿತು. ಅದರ ಜಾಗ ಮನೆಯ ದೇವರ ಪೀಠವಾದ ಆಲ್ತಾರಿನಲ್ಲಿ, ಮೊಂಬತ್ತಿಯ ಪಕ್ಕ. ಅಲ್ಲಿಗಿಂತ ಭದ್ರ ಜಾಗ ಮನೆಯಲ್ಲಿ ಇನ್ನೊಂದಿಲ್ಲ ಎಂಬುದು ಪೊರ್ಬುಗಳ ಅಭಿಪ್ರಾಯ.

ಈ ಸಲ ವೇಲಾಂಕಣಿ ಹಬ್ಬಕ್ಕೆ ಇಗರ್ಜಿಯ ಹೆಂಗಸರೆಲ್ಲ ಹೊರಟಾಗ ಬಾಯಮ್ಮನೂ ಹೊರಟರು. ದಾರಿಯಲ್ಲಿ ಮೊಬೈಲು ಸಾಯಬಾರದೆಂದು ಡೆರಿಲ್ ಒಂದು ಪವರ್ ಬ್ಯಾಂಕ್ ಕಳುಹಿಸಿದ್ದ. ಅದೂ ಅಂಗೈ ಅಗಲದ ಕಪ್ಪು ಡಬ್ಬಿ. ಬಾಯಮ್ಮ ಅದನ್ನು ತಿರುಗಿಸಿ ನೋಡಿ, "ಬೆತ್ತಲೆ ಕಳಿಸಿದ್ದಾನೆ" ಎಂದು ನನ್ನ ಕೈಗೆ ಕೊಟ್ಟರು. ವೆಲ್ವೆಟಿನ ತುಂಡು ಇನ್ನೂ ಉಳಿದಿತ್ತು. ಆ ಮನೆಯಲ್ಲಿ ದೂರ ಪ್ರಯಾಣ ಹೊರಡುವ ಹಿಂದಿನ ಸಂಜೆ ಮುಖ್ಯವಾದ ವಸ್ತುಗಳನ್ನೆಲ್ಲ ಆಲ್ತಾರಿನಲ್ಲಿಟ್ಟು ತೆರ್ಸ್, ಅಂದರೆ ಜಪಮಾಲೆಯ ಪ್ರಾರ್ಥನೆ, ಹೇಳುವುದು ಪದ್ಧತಿ. ಟಿಕೇಟು, ಜಪಮಾಲೆ, ಪವರ್ ಬ್ಯಾಂಕ್ ಮೂರೂ ಅಲ್ಲಿ ಕೂತವು. ಬೆಳಕು ಹರಿಯುವ ಮೊದಲೇ ಬಾಯಮ್ಮ ಹೊರಟುಹೋದರು.

ಆ ವಾರವೇ ನಳಿನಾಕ್ಷಕ್ಕ ಹಟ ಹಿಡಿದದ್ದು.

ನಳಿನಾಕ್ಷಕ್ಕ ಎಂದರೆ ಪಕ್ಕದ ಕಂಪೌಂಡಿನ ತಾರಾನಾಥ ಶೆಟ್ಟರ ತಾಯಿ. ಎಂಬತ್ತು ದಾಟಿದೆ. ಪೇಪರು ಬಂದ ಕೂಡಲೇ ಮೊದಲು ತೆಗೆಯುವುದು ಮರಣದ ಪುಟ. ಊರಲ್ಲಿ ಬಹಳ ಜನ ಹಾಗೆಯೇ. ಆದರೆ ನಳಿನಾಕ್ಷಕ್ಕ ಹೆಸರು, ವಯಸ್ಸು ನೋಡಿ ಬಿಡುವವರಲ್ಲ. ಫೋಟೋಗೆ ಮಾರ್ಕು ಕೊಡುತ್ತಾರೆ. ಹೋದ ವರ್ಷ ಬಜಪೆಯಲ್ಲಿದ್ದ ಅವರ ತಂಗಿ ತೀರಿಕೊಂಡಾಗ ಮನೆಯವರು ಅವಸರದಲ್ಲಿ ಆಧಾರ್ ಕಾರ್ಡಿನ ಫೋಟೋ ಕೊಟ್ಟುಬಿಟ್ಟಿದ್ದರು. "ಅದು ತೀರಿಹೋದವಳ ಫೋಟೋನಾ? ಪೊಲೀಸರು ಹುಡುಕುವವಳ ಫೋಟೋ!" ಎಂದು ನಳಿನಾಕ್ಷಕ್ಕ ತಂಗಿಗಾಗಿ ಅತ್ತದ್ದಕ್ಕಿಂತ ಹೆಚ್ಚು ಆ ಫೋಟೋಗಾಗಿ ಅತ್ತಿದ್ದರು.

ಈಗ ಅವರ ಪಿತ್ತಕೋಶದಲ್ಲಿ ಕಲ್ಲು. ಕಣ್ಣು ಸ್ವಲ್ಪ ಹಳದಿಯಾಗಿತ್ತು, ರಾತ್ರಿ ನೋವಿಗೆ ಎದ್ದು ಕೂರುತ್ತಿದ್ದರು. ಸೋಮವಾರ ಆಪರೇಶನ್ ಮಾಡಲೇಬೇಕು, ಮುಂದೆ ಹಾಕಿದರೆ ಅಪಾಯ ಎಂದು ಡಾಕ್ಟರು ತಾರೀಕು ಕೊಟ್ಟಿದ್ದರು. ನಳಿನಾಕ್ಷಕ್ಕ ಒಪ್ಪಿದರು. ಒಂದೇ ಶರತ್ತು.

"ಮೊಮ್ಮಗಳು ಮನ್ವಿತಾಳ ಮದುವೆಯಲ್ಲಿ ಸೊಸೆ ಶಶಿ ಮೊಬೈಲಿನಲ್ಲಿ ತೆಗೆದ ಆ ಫೋಟೋ ನನ್ನ ಕೈಗೆ ಬರಬೇಕು. ಅದು ಬರದೆ ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುದಿಲ್ಲ."

"ಅಮ್ಮಾ, ಕಲ್ಲು ತೆಗೆಯುದು ಅಷ್ಟೆ. ಸಾಯುದಲ್ಲ" ಎಂದರು ತಾರಾನಾಥ ಶೆಟ್ಟರು.

"ಪೇಪರಿನಲ್ಲಿ ಬಂದವರಿಗೆಲ್ಲ ಮೊದಲು ಹಾಗೇ ಹೇಳಿದ್ದು."

"ಮದುವೆಯ ಆಲ್ಬಮ್ ಉಂಟಲ್ಲ, ಅದರಿಂದ ಒಂದು..."

"ಸ್ಟುಡಿಯೋದವ ನನ್ನನ್ನು ತೆಗೆದದ್ದರಲ್ಲೆಲ್ಲ ಕಣ್ಣು ಮುಚ್ಚಿ ಉಂಟು. ಅದನ್ನು ಹಾಕಿದರೆ ಜನ ಎಂತ ಹೇಳ್ತಾರೆ? ಸತ್ತ ಮೇಲೆ ತೆಗೆದದ್ದು ಅಂತ ಹೇಳ್ತಾರೆ."

"ಈಗಲೇ ಹೊಸತು ತೆಗೆಯುವ, ಅದಕ್ಕೆಂತ?"

"ಈಗ ನನಗೆ ಕೆನ್ನೆ ಉಂಟಾ? ಆಗ ಕೆನ್ನೆ ಇತ್ತು. ಮಲ್ಲಿಗೆ ಇತ್ತು. ಸಫಾ ಹೊಲಿದ ಬ್ಲೌಸ್ ಇತ್ತು."

ನಾನು ಮನುಷ್ಯರಿಗೆ ಹೊಲಿದ ಮೊದಲ ಬ್ಲೌಸು ಅದು. ಆದ್ದರಿಂದ ಈ ಕತೆಯಲ್ಲಿ ನಾನು ಯಾವ ಪಕ್ಷ ಎಂದು ಯಾರೂ ಕೇಳಬೇಕಾಗಿಲ್ಲ.

ಮಂಗಳವಾರ ಬೆಳಿಗ್ಗೆ ಶೆಟ್ಟರ ಹೆಂಡತಿ ಶಶಿಪ್ರಭಕ್ಕ ಪೊರ್ಬುಗಳ ಸಿಟೌಟಿಗೆ ಬಂದರು.

"ಪೊರ್ಬುಗಳೇ, ಮಾಮಿಯ ಆ ಫೋಟೋ ನಿಮ್ಮ ಡಿಸ್ಕಿನಲ್ಲಿ ಉಂಟಲ್ವಾ?"

"ಉಂಟಾ ಅಂತ ಕೇಳುದಾ! ಕೂತುಕೊಳ್ಳಿ. ಸಫಾ, ಶಶಿಯಮ್ಮನಿಗೆ ಒಂದು ಚಾ ಮಾಡು. ನೀವು ಚಾ ಮುಗಿಸುದರೊಳಗೆ ಫೋಟೋ ನಿಮ್ಮ ಮೊಬೈಲಿನಲ್ಲಿ."

ಪೊರ್ಬುಗಳು ಆಲ್ತಾರಿನ ಮುಂದೆ ಶಿಲುಬೆಯ ಗುರುತು ಮಾಡಿ ಮರೂನ್ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಕಂಪ್ಯೂಟರಿನ ಮೈಮೇಲಿದ್ದ ಹೂವಿನ ಕವರನ್ನು ತೆಗೆದು ಮಡಚಿ ಇಟ್ಟರು. ಅಗಲ ಮೂತಿಯ ವಯರನ್ನು ಡಬ್ಬಿಯ ತೂತಿಗೆ ಒತ್ತಿದರು. ಹೋಗಲಿಲ್ಲ. ತಿರುಗಿಸಿ ಒತ್ತಿದರು. ಹೋಗಲಿಲ್ಲ. ಕನ್ನಡಕ ಹಾಕಿ ತೂತಿನೊಳಗೆ ಇಣುಕಿದರು.

"ಅರೆ! ಇದರ ಬಾಯಿ ಸಣ್ಣ ಆಗಿದೆ."

"ಸಣ್ಣ ಆಗುದಾ?" ಎಂದರು ಶಶಿಪ್ರಭಕ್ಕ.

"ಉಪ್ಪುಗಾಳಿ, ಶಶಿಯಮ್ಮ. ಕಬ್ಬಿಣ ಕುಗ್ಗುತ್ತದೆ. ಮಸ್ಕತ್ತಿನಲ್ಲಿ ನಾನು ಎಷ್ಟು ನೋಡಿದ್ದೇನೆ."

ಆದರೆ ಪೊರ್ಬುಗಳು ಅಷ್ಟಕ್ಕೆ ಸೋಲುವವರಲ್ಲ. ಡ್ರಾವರಿನಿಂದ ಹಳೆಯ ಮೊಬೈಲಿನ ಸಪೂರ ಮೂತಿಯ ವಯರು ತೆಗೆದು ಒತ್ತಿದರು. ಹೋಯಿತು! ತೂತಿನ ಬದಿಯಲ್ಲಿ ಒಂದರ ಹಿಂದೆ ಒಂದು ನಾಲ್ಕು ನೀಲಿ ದೀಪ ಮಿನುಗಿದವು. ಪೊರ್ಬುಗಳು ನಮ್ಮಿಬ್ಬರನ್ನೂ ಒಂದು ಸಲ ನೋಡಿದರು. ಆಮೇಲೆ ಎಲ್ಲರೂ ಕಂಪ್ಯೂಟರನ್ನು ನೋಡಿದೆವು. ಕಂಪ್ಯೂಟರು ಯಾರನ್ನೂ ನೋಡಲಿಲ್ಲ. ಪರದೆಯ ಮೇಲೆ ವೇಲಾಂಕಣಿ ಮಾತೆಯ ಚಿತ್ರ, ಒಂದು ಕಸದ ಬುಟ್ಟಿ, ಬೇರೇನೂ ಇಲ್ಲ.

"ಗುರ್ತ ಹಿಡಿಯುದಿಲ್ಲ ಇದು" ಎಂದು ಪೊರ್ಬುಗಳು ಮಾನಿಟರಿನ ತಲೆಗೆ ಮೆಲ್ಲನೆ ತಟ್ಟಿದರು. "ಎರಡು ವರ್ಷದಿಂದ ನೋಡ್ತಾ ಇದ್ದೀಯಲ್ಲ ಮಾರಾಯ! ಇದು ನಮ್ಮದೇ!"

ಶಶಿಪ್ರಭಕ್ಕನ ಚಾ ಮುಗಿಯಿತು. ಎರಡನೆಯದೂ ಮುಗಿಯಿತು. ಪೊರ್ಬುಗಳು ಮುಂದಿನ ತೂತಿಗೆ ಚುಚ್ಚಿದರು, ಹಿಂದಿನ ತೂತಿಗೆ ಚುಚ್ಚಿದರು, ಕಂಪ್ಯೂಟರನ್ನು ಆಫ್ ಮಾಡಿ ಮಾತೆಗೆ ಒಂದು ನಮಾನ್ ಮೊರಿಯೆ ಜಪ ಹೇಳಿ ಆನ್ ಮಾಡಿದರು. ಕೊನೆಗೆ ಡೆರಿಲನಿಗೆ ವಿಡಿಯೋ ಕಾಲ್ ಹೋಯಿತು.

"ಡ್ಯಾಡಿ, ಡಿಸ್ಕ್ ಮ್ಯಾನೇಜ್‌ಮೆಂಟ್ ಓಪನ್ ಮಾಡಿ. ಅದರಲ್ಲಿ ಎಷ್ಟು ಡಿಸ್ಕ್ ತೋರಿಸ್ತದೆ?"

"ಒಂದು."

"ಎರಡು ಇರಬೇಕು. ಡಿಸ್ಕಿನಲ್ಲಿ ಲೈಟ್ ಬರ್ತಾ ಉಂಟಾ?"

"ನಾಲ್ಕು ಬರ್ತಾ ಉಂಟು!"

ದೋಹಾದಲ್ಲಿ ಡೆರಿಲ್ ಮುಖವನ್ನು ಪರದೆಯ ಹತ್ತಿರ ತಂದ.

"ನಾಲ್ಕಾ? ಅದರಲ್ಲಿ ಒಂದೇ ಲೈಟ್ ಅಲ್ವಾ ಇದ್ದದ್ದು?"

"ಮೊದಲು ಒಂದು. ಈಗ ನಾಲ್ಕು. ಅಷ್ಟು ಸ್ಟ್ರಾಂಗ್ ಉಂಟು. ಡಿಸ್ಕಿಗೆ ಎಂತದೂ ಆಗ್ಲಿಲ್ಲ, ನಿನ್ನ ಕಂಪ್ಯೂಟರಿಗೇ ಮಂಡೆ ಸರಿ ಇಲ್ಲ."

"ಡ್ಯಾಡಿ, ಒಂದು ಸಲ ಅದನ್ನು ಕ್ಯಾಮೆರಾಕ್ಕೆ ತೋರಿಸಿ."

ಪೊರ್ಬುಗಳು ತೋರಿಸಿದರು. ಡೆರಿಲ್ ಕಂಡದ್ದು ಮರೂನ್ ವೆಲ್ವೆಟು.

"ಮಮ್ಮಿ ಎಲ್ಲಿ?" ಎಂದು ಅವನು ಸೋತ ದನಿಯಲ್ಲಿ ಕೇಳಿದ.

"ವೇಲಾಂಕಣಿಯಲ್ಲಿ. ಫೋನು ಸ್ವಿಚ್ ಆಫ್. ಹೊರಟ ಮರುದಿನದಿಂದಲೇ ಆಫ್. ನನ್ನ ಮೇಲೆ ಕೋಪ ಇರಬೇಕು. ಎಂತಕ್ಕೆ ಅಂತ ಆಲೋಚನೆ ಮಾಡ್ತಾ ಇದ್ದೇನೆ."

ಮಧ್ಯಾಹ್ನದೊಳಗೆ ಸುದ್ದಿ ಗಲ್ಲಿ ದಾಟಿತು. ನಳಿನಾಕ್ಷಕ್ಕನ ಒಂದು ಫೋಟೋ ಹೋದದ್ದಲ್ಲ, ಎಲ್ಲರ ಎಲ್ಲವೂ ಹೋಗಿದೆ ಎಂಬುದು ಜನರಿಗೆ ಹೊಳೆಯಿತು. ಸಿಟೌಟಿನಲ್ಲಿ ಚಪ್ಪಲಿ ಇಡಲು ಜಾಗವಿಲ್ಲದಂತಾಯಿತು. ನನ್ನ ಪಕ್ಕದ ಮನೆಯ ಮುಮ್ತಾಝ್ ಬಂದವಳೇ, "ನನ್ನ ಮಗುವಿನ ಮೊದಲ ಹಲ್ಲಿನ ಫೋಟೋ ಅದರಲ್ಲಿ ಇರುದು. ಈಗ ಆ ಹಲ್ಲೂ ಇಲ್ಲ, ಬಿದ್ದಾಯಿತು" ಎಂದಳು. ಹಲ್ಲು ಬಿದ್ದದ್ದಕ್ಕೂ ಪೊರ್ಬುಗಳೇ ಕಾರಣ ಎಂಬ ದನಿ ಅದರಲ್ಲಿತ್ತು.

ಆದರೂ ಪರಿಹಾರ ಸೂಚಿಸಿದ್ದು ಅವಳೇ. ನೀರಿಗೆ ಬಿದ್ದ ತನ್ನ ಮೊಬೈಲನ್ನು ಅಕ್ಕಿಯಲ್ಲಿ ಹೂತಿಟ್ಟು ಸರಿಮಾಡಿದ್ದಳಂತೆ.

"ಉಪ್ಪುಗಾಳಿಯ ತೇವ ಅಲ್ವಾ? ಅಕ್ಕಿ ಎಳೀತದೆ" ಎಂದಳು.

"ಕುಚ್ಚಲಕ್ಕಿಯಾ, ಬೆಳ್ತಿಗೆಯಾ?" ಎಂದು ಪೊರ್ಬುಗಳು ಗಂಭೀರವಾಗಿ ಕೇಳಿದರು.

ಇದು ಸಣ್ಣ ಪ್ರಶ್ನೆಯಲ್ಲ ಎಂದು ಆಮೇಲೆ ಗೊತ್ತಾಯಿತು. ಬೆಳ್ತಿಗೆ ಚೆನ್ನಾಗಿ ಹೀರುತ್ತದೆ ಎಂದಳು ಮುಮ್ತಾಝ್. ಕುಚ್ಚಲು ಒಂದು ಸಲ ಬೆಂದು ಒಣಗಿದ್ದು, ಅದಕ್ಕೆ ನೀರಿನ ರುಚಿ ಗೊತ್ತುಂಟು, ಅದೇ ಹೆಚ್ಚು ಹೀರುವುದು ಎಂದರು ಶಶಿಪ್ರಭಕ್ಕ. ಊಟದ ಹೊತ್ತಿಗೆ ಬಂದ ತಾರಾನಾಥ ಶೆಟ್ಟರು ಹೋಟೆಲು ನಡೆಸುವವರಾದ್ದರಿಂದ ತಮ್ಮ ಮಾತೇ ಕೊನೆಯದೆಂದು, "ಅರ್ಧ ಅರ್ಧ ಹಾಕಿ" ಎಂದು ತೀರ್ಪು ಕೊಟ್ಟರು. ಡಿಸ್ಕು ಎರಡು ದಿನ ಮಿಶ್ರ ಅಕ್ಕಿಯ ಡಬ್ಬಿಯಲ್ಲಿ ಮಲಗಿತು. ತೆಗೆದಾಗ ವೆಲ್ವೆಟಿಗೆ ತೌಡು ಹತ್ತಿತ್ತು. ದೀಪ ನಾಲ್ಕೂ ಇತ್ತು. ಕಂಪ್ಯೂಟರಿಗೆ ಗುರ್ತ ಮಾತ್ರ ಸಿಗಲಿಲ್ಲ.

ಅಷ್ಟರಲ್ಲಿ ಶುಕ್ರವಾರ. ನಳಿನಾಕ್ಷಕ್ಕ ಕಂಪೌಂಡಿನ ಗೋಡೆಯ ಆಚೆಯಿಂದ ದಿನಕ್ಕೆ ಹಲವು ಸಲ ಕೇಳುತ್ತಿದ್ದರು.

"ಪೊರ್ಬುಗಳೇ, ನಾನು ಬಂದೆನಾ?"

"ಈಗ ಬರ್ತೀರಿ, ಈಗ ಬರ್ತೀರಿ!"

ಗೋಡೆಯ ಆಚೆ ನೋವಿಗೆ ಅವರು ಉಸಿರೆಳೆದುಕೊಳ್ಳುವುದು ಮೆಷಿನ್ ನಿಲ್ಲಿಸಿದಾಗ ನನಗೆ ಕೇಳುತ್ತಿತ್ತು. ಪೊರ್ಬುಗಳಿಗೂ ಕೇಳುತ್ತಿತ್ತೆಂದು ಕಾಣುತ್ತದೆ. ಅವರು ಹೊಟ್ಟೆ ತುಂಬ ಊಟ ಮಾಡುವುದನ್ನು ಬಿಟ್ಟಿದ್ದರು. ಶನಿವಾರ ಬೆಳಿಗ್ಗೆ ಎದ್ದವರೇ, ಯಾರಿಗೂ ಹೇಳದೆ ತಾವು ಎಂದೂ ಮಾಡದ ಕೆಲಸ ಮಾಡಲು ಹೊರಟರು: ಕಂಪ್ಯೂಟರಿನ ವಿಷಯದಲ್ಲಿ ಇನ್ನೊಬ್ಬರನ್ನು ಕೇಳುವುದು.

ಹನಿಮಳೆ ಇತ್ತು. "ಸಫಾ, ಕೊಡೆ ಹಿಡಿ" ಎಂದರು. ಕೊಡೆ ಅವರಿಗಲ್ಲ, ಡಿಸ್ಕಿಗೆ. ಅವರು ಎದೆಯ ಹತ್ತಿರ ಅದನ್ನು ಹಿಡಿದು ಮುಂದೆ, ಅದರ ಮೇಲಕ್ಕೆ ಕೊಡೆ ಚಾಚಿಕೊಂಡು ನಾನು ಬದಿಗೆ, ನಾವಿಬ್ಬರೂ ಒದ್ದೆಯಾಗುತ್ತ ಇರ್ವಿನನ ಅಂಗಡಿಗೆ ಹೋದೆವು. ದಾರಿಯಲ್ಲಿ ಒಬ್ಬರು ಎದ್ದು ನಿಂತರು. ಏನೋ ಪವಿತ್ರ ವಸ್ತು ಹೋಗುತ್ತಿದೆ ಎಂದುಕೊಂಡಿರಬೇಕು.

ಇರ್ವಿನ್ ಮೊಬೈಲು, ಲ್ಯಾಪ್‌ಟಾಪು ರಿಪೇರಿ ಮಾಡುವ ಹುಡುಗ. ತನ್ನ ಲ್ಯಾಪ್‌ಟಾಪಿಗೆ ಚುಚ್ಚಿದ. ವಯರು ಬದಲಿಸಿ ಚುಚ್ಚಿದ. ಪರದೆಯನ್ನೇ ನೋಡುತ್ತ ಕೂತ. ಸ್ವಲ್ಪ ಹೊತ್ತಿನಲ್ಲಿ ಅವನ ಹುಬ್ಬು ಮೇಲೆ ಹೋಯಿತು.

"ಅಂಕಲ್, ಇದು ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಕುಡೀತಾ ಉಂಟು! ಇಷ್ಟು ಕರೆಂಟ್ ಎಳೆಯುವ ಡಿಸ್ಕ್ ನಾನು ನೋಡಿದ್ದೇ ಇಲ್ಲ."

"ಎಷ್ಟು ಫೋಟೋ ಉಂಟು ಗೊತ್ತುಂಟಾ ಅದರಲ್ಲಿ? ಇಡೀ ಗಲ್ಲಿಯ ಮದುವೆ. ಹಸಿವಾಗುದಿಲ್ವಾ?"

"ಕವರ್ ಬಿಚ್ಚಿ ಅಂಕಲ್. ಯಾವ ಕಂಪೆನಿಯದ್ದು ಅಂತ ಆದ್ರೂ ನೋಡುವ."

ಪೊರ್ಬುಗಳು ಡಿಸ್ಕನ್ನು ಕಸಿದು ಎದೆಗೆ ಒತ್ತಿಕೊಂಡರು. "ಗ್ಯಾರಂಟಿ ಹೋಗ್ತದೆ!"

"ಗ್ಯಾರಂಟಿ ಕಂಪೆನಿಯ ಸೀಲಿಗೆ ಅಂಕಲ್, ವೆಲ್ವೆಟಿಗೆ ಅಲ್ಲ."

"ಬಾಯಮ್ಮ ಹಬ್ಬದಿಂದ ಬಂದು, ನನ್ನ ಮನೆಯ ಹೊಲಿಗೆ ಯಾರು ಬಿಚ್ಚಿದ್ದು ಅಂತ ಕೇಳಿದರೆ ಉತ್ತರ ನೀನು ಕೊಡ್ತೀಯಾ?"

ಇರ್ವಿನ್ ಬಾಯಮ್ಮನನ್ನು ಬಲ್ಲವನು. ಚಿಕ್ಕಂದಿನಲ್ಲಿ ಅವರ ಹತ್ತಿರ ದತೊರ್ನ್ ಎಂಬ ಧರ್ಮಪಾಠ ಕಲಿತವನು. ವಯರು ಸುತ್ತಿ ಕೊಟ್ಟ.

ಆದಿತ್ಯವಾರ ಪೂಜೆ ಮುಗಿಸಿ ಬಂದ ಪೊರ್ಬುಗಳು ಬಟ್ಟೆ ಬದಲಿಸದೆ ಸಿಟೌಟಿನಲ್ಲಿ ಕೂತರು. ಬಾಯಮ್ಮ ಬರುವ ದಿನವಾದ್ದರಿಂದ ಬಾಗಿಲು ತೆರೆದು ಗುಡಿಸಲು ನಾನೂ ಬಂದಿದ್ದೆ. ಗೇಟು ಕಿರ್ರೆಂದಿತು. ಸೊಸೆಯ ಕೈ ಹಿಡಿದುಕೊಂಡು, ಪ್ರತಿ ಹೆಜ್ಜೆಗೂ ನಿಂತು, ನಳಿನಾಕ್ಷಕ್ಕ ಬರುತ್ತಿದ್ದರು. ಹಿಂದೆ ತಾರಾನಾಥ ಶೆಟ್ಟರು. ಅವರ ಕೈಯಲ್ಲಿ ಆಸ್ಪತ್ರೆಗೆಂದು ಕಟ್ಟಿದ ಚೀಲ. ಅವತ್ತು ಸಂಜೆಯೇ ಅಡ್ಮಿಟ್ ಆಗಬೇಕಿತ್ತು.

ಪೊರ್ಬುಗಳು ಎದ್ದು ತಮ್ಮ ಬೆತ್ತದ ಕುರ್ಚಿ ಬಿಟ್ಟುಕೊಟ್ಟರು. ನಳಿನಾಕ್ಷಕ್ಕ ಕೂತು, ಮೇಜಿನ ಮೇಲಿದ್ದ ಮರೂನ್ ಡಬ್ಬಿಯನ್ನು ನೋಡಿದರು.

"ಇದರೊಳಗೆ ಇರುದಾ ನಾನು?"

"ಹೌದು ನಳಿನಾಕ್ಷಕ್ಕ" ಎಂದ ಪೊರ್ಬುಗಳ ದನಿಯಲ್ಲಿ ಮಸ್ಕತ್ತು ಇರಲಿಲ್ಲ. "ಒಳಗೆ ಇದ್ದೀರಿ. ಆದರೆ ತೆಗೆಯಲಿಕ್ಕೆ... ನನಗೆ ಗೊತ್ತಾಗುದಿಲ್ಲ."

ಗಲ್ಲಿಗೆಲ್ಲ ಕಂಪ್ಯೂಟರಿನ ಬುದ್ಧಿ ಹೇಳಿದ ಬಾಯಿಯಿಂದ ಆ ಮಾತು ಬಂದದ್ದಕ್ಕೆ ಶಶಿಪ್ರಭಕ್ಕ ಸೆರಗಿನ ತುದಿ ಕಣ್ಣಿಗೆ ಒತ್ತಿಕೊಂಡರು. ತಾರಾನಾಥ ಶೆಟ್ಟರು ಆ ಕೈಯ ಚೀಲವನ್ನು ಈ ಕೈಗೆ ತೆಗೆದುಕೊಂಡರು.

"ಹಾಗಾದರೆ ನಾನು ಇಲ್ಲೇ ಕೂರ್ತೇನೆ" ಎಂದರು ನಳಿನಾಕ್ಷಕ್ಕ.

ಆಗ ರಿಕ್ಷಾ ಬಂತು. ಮಟಿಲ್ಡಾ ಬಾಯಮ್ಮ ಮೊಂಬತ್ತಿಯ ಕಟ್ಟು, ಎಣ್ಣೆಯ ಬಾಟ್ಲಿ, ಎರಡು ಬ್ಯಾಗು, ಒಂದು ವಾರದ ಕೋಪ, ಎಲ್ಲವನ್ನೂ ಒಟ್ಟಿಗೆ ಇಳಿಸಿದರು. ಸಿಟೌಟಿನ ತುಂಬ ಜನ ಕಂಡರೂ ಅವರ ಮಾತು ನಿಲ್ಲಲಿಲ್ಲ.

"ಓಯ್, ಎಲ್ಲಿ ನಿಮ್ಮ ಮಗ? ಫೋನು ಮಾಡಿ ಅವನಿಗೆ! ಎಂತ ದರಿದ್ರ ಕಳಿಸಿದ್ದಾನೆ ಅಂತ ಕೇಳಿ! ಊರಿನವರೆಲ್ಲ ಮಾತೆಯ ತೇರಿನ ಫೋಟೋ ತೆಗೆದ್ರು, ನಾನು ಸತ್ತ ಮೊಬೈಲು ಹಿಡಿದು ನಿಂತದ್ದು!"

"ಸ್ವಲ್ಪ ಮೆಲ್ಲ, ನಳಿನಾಕ್ಷಕ್ಕ..." ಎಂದರು ಪೊರ್ಬುಗಳು.

"ಎಂತ ಮೆಲ್ಲ? ಮೊಬೈಲಿನ ಚಾರ್ಜರನ್ನೂ ಅದಕ್ಕೇ ಕೊಟ್ಟು ಇಳಿದಲ್ಲೆಲ್ಲ ಚಾರ್ಜಿಗೆ ಇಟ್ಟೆ ಅದನ್ನು. ಲಾಡ್ಜಿನಲ್ಲಿ ಇಟ್ಟೆ, ರೈಲಿನಲ್ಲಿ ಇಟ್ಟೆ. ಇಟ್ಟ ಕೂಡಲೇ ಗುರ್ರ್ ಅಂತ ಬೆಕ್ಕಿನ ಹಾಗೆ ಸದ್ದು ಮಾಡ್ತದೆ. ಒಂದು ಮಂಕು ಲೈಟು ಮಿಣಮಿಣ ಅಂತದೆ. ಮೊಬೈಲಿಗೆ ಒಂದು ಚಮಚ ಕರೆಂಟ್ ಕೊಡುದಿಲ್ಲ! ಬಾಯಿ ಅಷ್ಟು ಅಗಲ, ವಯರು ಅರ್ಧ ಅಲ್ಲಾಡ್ತದೆ. ಕೊಡುವ ಮನಸ್ಸಿಲ್ಲದವರಿಗೆ ಬಾಯಿ ಮಾತ್ರ ಅಗಲ!"

ಎಂದು ಬ್ಯಾಗಿನಿಂದ ತೆಗೆದು ಮೇಜಿನ ಮೇಲೆ ಬಡಿದರು.

ಈಗ ಮೇಜಿನ ಮೇಲೆ ಎರಡು ಮರೂನ್ ಡಬ್ಬಿ. ಒಂದಕ್ಕೆ ತೌಡು ಹತ್ತಿತ್ತು, ಇನ್ನೊಂದಕ್ಕೆ ವೇಲಾಂಕಣಿಯ ಎಣ್ಣೆ. ಬೇರೆ ವ್ಯತ್ಯಾಸ ಇರಲಿಲ್ಲ. ನನ್ನ ಹೊಲಿಗೆ ಅಷ್ಟು ಸಮ ಇತ್ತು ಎಂದು ನನಗೇ ಅವತ್ತು ತಿಳಿದದ್ದು.

ಪೊರ್ಬುಗಳು ಒಂದನ್ನು ನೋಡಿದರು. ಇನ್ನೊಂದನ್ನು ನೋಡಿದರು. ಆಲ್ತಾರನ್ನು ನೋಡಿದರು.

"ಮಟಿಲ್ಡಾ... ನೀನು ಯಾವುದನ್ನು ತಗೊಂಡು ಹೋದದ್ದು?"

"ಯಾವುದನ್ನು ಅಂದ್ರೆ? ಆಲ್ತಾರಿನಲ್ಲಿ ಇಟ್ಟದ್ದನ್ನು!"

"ಆಲ್ತಾರಿನಲ್ಲಿ ಇಟ್ಟದ್ದು ನಾನು!"

"ನಾನೂ ಇಟ್ಟದ್ದು!"

"ಸಾಯ್ಬಾ ಭೊಗೊಸ್!" ಎಂದು ಇಬ್ಬರೂ ಒಟ್ಟಿಗೆ ದೇವರ ಕ್ಷಮೆ ಕೇಳಿದರು. ನಲವತ್ತು ವರ್ಷದ ಸಂಸಾರದಲ್ಲಿ ಅವರು ಒಂದೇ ಮಾತನ್ನು ಒಟ್ಟಿಗೆ ಹೇಳಿದ್ದು ತೆರ್ಸಿನ ಹೊರಗೆ ಇದೇ ಮೊದಲಿರಬೇಕು.

ಎಲ್ಲರ ಕಣ್ಣೂ ನನ್ನ ಕತ್ತರಿಯ ಕಡೆಗೆ ತಿರುಗಿತು. ನಾನು ಬಾಯಮ್ಮನ ಮುಖ ನೋಡಿದೆ. ಅವರು ಹೂಂ ಎಂದು ತಲೆ ಆಡಿಸಿದರು. ತೌಡು ಹತ್ತಿದ್ದನ್ನು ಮೊದಲು ಬಿಚ್ಚಿದೆ. ಕಪ್ಪು ಡಬ್ಬಿಯ ಬೆನ್ನಲ್ಲಿ ಪವರ್ ಬ್ಯಾಂಕ್ ಎಂದು ಬಿಳಿಯ ಇಂಗ್ಲಿಷ್ ಅಕ್ಷರ. ಕನ್ನಡಕವಿಲ್ಲದ ನಳಿನಾಕ್ಷಕ್ಕನೂ ಓದುವಷ್ಟು ದೊಡ್ಡದು. ಬದಿಯ ಬಟನಿಗೆ ಕೈ ತಾಗಿದ ಕೂಡಲೇ ನಾಲ್ಕು ದೀಪವೂ ಪ್ರಾಮಾಣಿಕವಾಗಿ ಉರಿದವು. ಒಂದು ವಾರ ಪೊರ್ಬುಗಳ ಕಂಪ್ಯೂಟರನ್ನೂ ಇರ್ವಿನನ ಲ್ಯಾಪ್‌ಟಾಪನ್ನೂ ಕುಡಿದು ಅದು ಕಂಠದವರೆಗೆ ತುಂಬಿತ್ತು.

ಪೊರ್ಬುಗಳು ಅದನ್ನು ಎತ್ತಿ ಹೆಂಡತಿಯ ಕಡೆಗೆ ಚಾಚಿದರು. "ನೋಡು, ನಿನಗೆ ಅಂತ ಫುಲ್ ಚಾರ್ಜ್ ಮಾಡಿ ಇಟ್ಟಿದ್ದೇನೆ."

ಬಾಯಮ್ಮ ಏನು ಹೇಳಿದರೆಂದು ಇಲ್ಲಿ ಬರೆಯುವುದಿಲ್ಲ. ಹಬ್ಬದಿಂದ ಬಂದ ದಿನ ಹೇಳುವಂಥ ಮಾತಲ್ಲ ಅದು.

ಎಣ್ಣೆ ಹತ್ತಿದ ಡಬ್ಬಿಗೆ ಅಗಲ ಮೂತಿಯ ವಯರು ಒಂದೇ ಸಲಕ್ಕೆ ಹೋಗಿ ಕೂತಿತು. ಬಾಯಿ ಕುಗ್ಗಿರಲಿಲ್ಲ. ಅದು ಗುರ್ರ್ ಎಂದಿತು, ಒಂದು ದೀಪ ಮಿನುಗಿತು, ಕಂಪ್ಯೂಟರು ಟಿಡಿಂಗ್ ಎಂದು ಸದ್ದು ಮಾಡಿ ಹಳೆಯ ಪರಿಚಯದವರನ್ನು ಕಂಡ ಹಾಗೆ ಬಾಗಿಲು ತೆರೆಯಿತು. ಹೊರಗೆ ಗೋಡೆಯ ಹತ್ತಿರ ಕಿವಿ ಇಟ್ಟು ನಿಂತಿದ್ದ ಮುಮ್ತಾಝ್, "ಹಲ್ಲು ಉಂಟಾ, ಹಲ್ಲು?" ಎಂದು ಕೂಗಿದಳು.

"ಮೊದಲು ನಳಿನಾಕ್ಷಕ್ಕ, ಆಮೇಲೆ ಹಲ್ಲು" ಎಂದ ಪೊರ್ಬುಗಳ ದನಿಗೆ ಮಸ್ಕತ್ತು ಮರಳಿ ಬಂದಿತ್ತು.

ಫೋಟೋ ಪರದೆಯ ತುಂಬ ತೆರೆಯಿತು.

ನಳಿನಾಕ್ಷಕ್ಕ ಮುಂದೆ ಬಾಗಿದರು. ಕೆನ್ನೆ ಇತ್ತು. ಮಲ್ಲಿಗೆ ಇತ್ತು. ಕಣ್ಣು ತೆರೆದು, ಏನೋ ತಮಾಷೆ ಕೇಳಿದವರ ಹಾಗೆ ನಗುತ್ತಿದ್ದರು. ಬ್ಲೌಸಿನ ತೋಳು ಎಲ್ಲೂ ಸುಕ್ಕಾಗಿರಲಿಲ್ಲ. ನಾನು ಅದನ್ನು ನೋಡಿಕೊಂಡೆ. ಆದರೆ ಅವರ ಎಡ ಭುಜಕ್ಕೆ ತಾಗಿಕೊಂಡು, ಕೆನ್ನೆಯ ಹತ್ತಿರ ಕೆನ್ನೆ ತಂದು, ಐಸ್‌ಕ್ರೀಮಿನ ಕಪ್ಪನ್ನು ಅವರ ಗಲ್ಲದ ಕೆಳಗೆ ಹಿಡಿದು, ಚಮಚ ಬಾಯಲ್ಲೇ ಇಟ್ಟುಕೊಂಡು ಇನ್ನೊಬ್ಬರೂ ಕ್ಯಾಮೆರಾ ನೋಡುತ್ತಿದ್ದರು.

ಮ್ಯಾಕ್ಸಿಮ್ ಪೊರ್ಬುಗಳು.

ಎರಡು ವರ್ಷ ಈ ಫೋಟೋವನ್ನು ನೆನೆದ ಯಾರಿಗೂ ಅವರ ನೆನಪಿರಲಿಲ್ಲ. ಫೋಟೋದಲ್ಲಿ ಎಲ್ಲರೂ ನೋಡುವುದು ತಮಗೆ ಬೇಕಾದದ್ದನ್ನು ಮಾತ್ರ. ಶಶಿಪ್ರಭಕ್ಕ ಅತ್ತೆಯನ್ನು ನೋಡಿದ್ದರು, ನಾನು ತೋಳನ್ನು.

"ಇದನ್ನು ಪೇಪರಿಗೆ ಹೇಗೆ ಹಾಕುದು?" ಎಂದರು ತಾರಾನಾಥ ಶೆಟ್ಟರು, ಮೆಲ್ಲಗೆ. "ಇಬ್ಬರಿಗೂ ಒಟ್ಟಿಗೆ ಶ್ರದ್ಧಾಂಜಲಿ ಆಗ್ತದೆ."

"ಕಟ್ ಮಾಡಿ!" ಎಂದು ಪೊರ್ಬುಗಳು ಕುರ್ಚಿಯಿಂದ ಜಿಗಿದರು. "ನನ್ನನ್ನು ಕಟ್ ಮಾಡಿ! ಸಫಾ, ಕತ್ತರಿ... ಅಲ್ಲ, ಇರ್ವಿನನ್ನು ಕರೆ! ಅವನಿಗೆ ತೆಗೆಯಲಿಕ್ಕೆ ಬರ್ತದೆ! ಈ ಐಸ್‌ಕ್ರೀಮ್ ನನಗೆ ಬೇಡ ಅಂತ ಹೇಳಿದ್ದೆ ನಾನು ಅವತ್ತು!"

"ಎಲ್ಲಿ ಹೇಳಿದ್ದು? ಎರಡು ಕಪ್ ತಿಂದದ್ದು" ಎಂದರು ಬಾಯಮ್ಮ.

ನಳಿನಾಕ್ಷಕ್ಕ ಕೈ ಎತ್ತಿದರು. ಅವರು ಪರದೆಯನ್ನು ಇನ್ನೊಂದು ಸಲ, ಮರಣದ ಪುಟಕ್ಕೆ ಮಾರ್ಕು ಕೊಡುವವರ ಕಣ್ಣಿನಿಂದ ನೋಡಿದರು. ಆಮೇಲೆ ಹೊಟ್ಟೆಯ ಬಲಬದಿಗೆ ಕೈ ಒತ್ತಿಕೊಂಡು ನಗಲು ಸುರುಮಾಡಿದರು. ನೋವಾಗುತ್ತಿತ್ತು, ಆದರೂ ನಗು ನಿಲ್ಲಲಿಲ್ಲ.

"ಕಟ್ ಮಾಡುದು ಬೇಡ, ಇರಲಿ. ಪೊರ್ಬುಗಳು ಇರುವ ತನಕ ಇದನ್ನು ಪೇಪರಿಗೆ ಹಾಕಲಿಕ್ಕೆ ಆಗ್ತದಾ? ಆಗುದಿಲ್ಲ. ಹಾಗಾದರೆ ಅಲ್ಲಿಯ ತನಕ ನನಗೂ ಅವಸರ ಇಲ್ಲ." ಮಗನ ಕೈಯ ಚೀಲದ ಕಡೆ ತಿರುಗಿದರು. "ತಾರಾನಾಥ, ಎಂತ ನೋಡ್ತಾ ನಿಂತದ್ದು? ಕಾರು ತೆಗಿ. ಆಸ್ಪತ್ರೆಗೆ ಲೇಟ್ ಆಗುದಿಲ್ವಾ?"

ಕಲ್ಲು ಸುಖವಾಗಿ ಹೊರಬಂತು. ಸಣ್ಣ ಬಾಟ್ಲಿಯಲ್ಲಿ ಹಾಕಿ ಕೊಟ್ಟಿದ್ದಾರೆ; ಬಾಯಮ್ಮ ನೋಡಿ, ಅದಕ್ಕೊಂದು ಕವರ್ ಬೇಕು ಎಂದಿದ್ದಾರೆ. ಆ ಫೋಟೋ ದೊಡ್ಡದಾಗಿ ನಳಿನಾಕ್ಷಕ್ಕನ ಕೋಣೆಯಲ್ಲಿ ಕೂತಿದೆ, ಐಸ್‌ಕ್ರೀಮಿನ ಸಮೇತ. ಅವರ ಕೆನ್ನೆಯೂ ನಿಧಾನವಾಗಿ ಹಿಂದೆ ಬರುತ್ತಿದೆ.

ಒಂದು ಮಾತ್ರ ಬದಲಾಗಿದೆ. ಈಗ ಬೆಳಿಗ್ಗೆ ನಾನು ಮೆಷಿನಿಗೆ ದಾರ ಪೋಣಿಸುವ ಹೊತ್ತಿಗೆ ನಳಿನಾಕ್ಷಕ್ಕ ಪೇಪರನ್ನು ಮಡಚಿ ಬದಿಗಿಟ್ಟು, ಮೊದಲು ಗೋಡೆಯ ಹತ್ತಿರ ಬರುತ್ತಾರೆ.

"ಪೊರ್ಬುಗಳೇ, ಬಿಪಿಯ ಮಾತ್ರೆ ತಗೊಂಡ್ರಾ?"

"ತಗೊಂಡೆ, ತಗೊಂಡೆ!"

"ನಿನ್ನೆ ಎಂತಕ್ಕೆ ಕೆಮ್ಮಿದ್ದು?"